ಅಮೆರಿಕಕ್ಕೆ ಹೊರಟ ತಾಯಿಗೆ ಸ್ಕ್ಯಾನರ್ ಭಯ: ವಿಮಾನಯಾನದಲ್ಲಿ ತಗಲುವ ವಿಕಿರಣ ಎಷ್ಟು?

ಪ್ರಶ್ನೆ:
ತಂಗಿಯ ಬಾಣಂತನಕ್ಕೆಂದು ನಮ್ಮ ತಾಯಿ ಮುಂದಿನ ತಿಂಗಳು ದೆಹಲಿಯ ಮೂಲಕ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದಾರೆ. ಅವರಿಗೆ ಅರವತ್ತೆಂಟು ವರ್ಷ. ಭದ್ರತಾ ತಪಾಸಣೆಯ ಯಂತ್ರದೊಳಗೆ ನಿಂತರೆ ಮೈಗೆ ಎಕ್ಸ್-ರೇ ತಗಲುತ್ತದೆಂಬ ವಾಟ್ಸ್ಯಾಪ್ ಸಂದೇಶವನ್ನು ಓದಿದಂದಿನಿಂದ ಅವರಿಗೆ ಸಮಾಧಾನವಿಲ್ಲ. ಬಾಣಂತಿಗೆಂದು ಕಟ್ಟಿದ ಅಂಟಿನುಂಡೆಯೂ ಸಾರಿನ ಪುಡಿಯೂ ಎಕ್ಸ್-ರೇ ಯಂತ್ರದೊಳಗೆ ಹಾದುಹೋದ ಮೇಲೆ ತಿನ್ನಲು ಯೋಗ್ಯವೇ ಎಂದೂ ಕೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ನಾನು ಆಸ್ಪತ್ರೆಯೊಂದರಲ್ಲಿ ವಿಕಿರಣ ಸುರಕ್ಷತೆಯ ಕೆಲಸದಲ್ಲಿದ್ದೇನೆ. ನಡೆದು ದಾಟುವ ಲೋಹಶೋಧಕದ ಚೌಕಟ್ಟಿನಲ್ಲಿರುವುದು ದುರ್ಬಲ ಕಾಂತಕ್ಷೇತ್ರ ಮಾತ್ರ. ಹಿಂದಿರುಗುವಾಗ ಅಮೆರಿಕದಲ್ಲಿ ಕೈಯೆತ್ತಿ ನಿಲ್ಲಿಸುವ ಗೂಡು ಮಿಲಿಮೀಟರ್ ತರಂಗಗಳಿಂದ, ಅಂದರೆ ರೇಡಿಯೋ ತರಂಗಗಳ ಜಾತಿಯ ಕಿರು ತರಂಗಗಳಿಂದ, ಕೆಲಸ ಮಾಡುತ್ತದೆ. ಎಕ್ಸ್-ರೇಯಂತೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕುವಷ್ಟು ಶಕ್ತಿ ಆ ತರಂಗಗಳಿಗಿಲ್ಲ. ಹಾಗೆಂದು ನಿಮ್ಮ ತಾಯಿ ಓದಿದ ಸಂದೇಶಕ್ಕೆ ಬುಡವೇ ಇಲ್ಲವೆನ್ನಲಾಗದು. ಮೈಮೇಲೆ ಎಕ್ಸ್-ರೇ ಹಾಯಿಸುವ ಒಂದು ಬಗೆಯ ಸ್ಕ್ಯಾನರ್ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ 2013ರವರೆಗೂ ಇತ್ತು, ಯುರೋಪಿಯನ್ ಒಕ್ಕೂಟವು 2011ರಲ್ಲೇ ಅದನ್ನು ಒಲ್ಲೆನೆಂದಿತು. ಆದರೆ ಅದರಿಂದ ತಗಲುತ್ತಿದ್ದುದೂ ಒಮ್ಮೆಗೆ ಹೆಚ್ಚೆಂದರೆ 0.1 ಮೈಕ್ರೋಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ ಇದು; ಸಾವಿರ ಮೈಕ್ರೋಸೀವರ್ಟ್ ಸೇರಿದರೆ ಒಂದು ಮಿಲಿಸೀವರ್ಟ್).

ನಿಜವಾಗಿ ಲೆಕ್ಕಕ್ಕೆ ಬರುವ ವಿಕಿರಣವಿರುವುದು ಯಂತ್ರದಲ್ಲಲ್ಲ, ಆಕಾಶದಲ್ಲಿ. 1912ರಲ್ಲಿ ಭೌತವಿಜ್ಞಾನಿ ವಿಕ್ಟರ್ ಹೆಸ್ ಬಲೂನಿನಲ್ಲಿ ಐದು ಕಿಲೋಮೀಟರಿಗೂ ಮೇಲೇರಿ, ಎತ್ತರಕ್ಕೆ ಹೋದಂತೆ ವಿಕಿರಣ ಹೆಚ್ಚುವುದನ್ನು ಅಳೆದು ತೋರಿಸಿದರು; ಇಂದಿನ ವಿಮಾನಗಳು ಅದರ ಎರಡರಷ್ಟು ಎತ್ತರದಲ್ಲಿ ಹಾರುತ್ತವೆ. ಭೂಮಿಯ ಕಾಂತಕ್ಷೇತ್ರವು ಸಮಭಾಜಕದ ಬಳಿ ಬಾಹ್ಯಾಕಾಶದಿಂದ ಬರುವ ಈ ವಿಕಿರಣವನ್ನು, ಅಂದರೆ ವಿಶ್ವಕಿರಣಗಳನ್ನು, ಹೆಚ್ಚು ತಡೆಯುತ್ತದೆ, ಧ್ರುವದತ್ತ ಹೋದಂತೆ ಆ ತಡೆ ಕ್ಷೀಣಿಸುತ್ತದೆ. ಆದ್ದರಿಂದ ಬೆಂಗಳೂರು–ದೆಹಲಿ ಹಾರಾಟಕ್ಕಿಂತ, ಉತ್ತರದ ದಾರಿಯಲ್ಲಿ ಹದಿನಾರು ಗಂಟೆ ಸಾಗುವ ಅಮೆರಿಕದ ಹಾರಾಟದಲ್ಲಿ ಗಂಟೆಯ ಲೆಕ್ಕದಲ್ಲೂ ಹೆಚ್ಚು ತಗಲುತ್ತದೆ. ಗಂಟೆಗೆ ಸುಮಾರು 5 ಮೈಕ್ರೋಸೀವರ್ಟ್ ಎಂದು ಹಿಡಿದರೆ ಒಟ್ಟು 80ರ ಆಸುಪಾಸು. ನೆಲದ ಮೇಲೆ ಮನೆಯಲ್ಲೇ ಕುಳಿತವರಿಗೂ ಪ್ರಕೃತಿಯಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ. ಅಂದರೆ ತಾಯಿಯವರ ಹಾರಾಟ ಸುಮಾರು ಹನ್ನೆರಡು ದಿನಗಳ ಬಾಳ್ವೆಗೆ ಸಮ.

ಅಂಟಿನುಂಡೆಯ ವಿಷಯ: ಎಕ್ಸ್-ರೇ ಹಾದುಹೋದ ವಸ್ತುವಿನಲ್ಲಿ ವಿಕಿರಣ ಉಳಿಯುವುದಿಲ್ಲ. ದೀಪ ಆರಿಸಿದ ಕೋಣೆಯಲ್ಲಿ ಬೆಳಕು ಉಳಿಯದ ಹಾಗೆ. ಧಾರಾಳವಾಗಿ ತಿನ್ನಬಹುದು.

ಉತ್ತರ 2:
ಮೇಲಿನ ಲೆಕ್ಕ ತಾಯಿಯವರಿಗೆ ಸರಿಯೇ, ಆದರೆ ಎಲ್ಲರಿಗೂ ಅದನ್ನೇ ಹೇಳಿ ಮುಗಿಸುವಂತಿಲ್ಲ. ನನ್ನ ಮಗಳು ಗಗನಸಖಿ. ಅಂಥ ದಾರಿಗಳಲ್ಲಿ ವರ್ಷಕ್ಕೆ 800 ಗಂಟೆ ಹಾರಿದರೆ ಇದೇ ದರದಲ್ಲಿ 4 ಮಿಲಿಸೀವರ್ಟ್ ಆಗುತ್ತದೆ. ಸಾಮಾನ್ಯ ಜನರಿಗೆ ಕೃತಕ ಮೂಲಗಳಿಂದ ವರ್ಷಕ್ಕೆ 1 ಮಿಲಿಸೀವರ್ಟ್ ಮೀರಬಾರದೆಂಬುದು ಅಂತರರಾಷ್ಟ್ರೀಯ ಶಿಫಾರಸು. ಯುರೋಪಿಯನ್ ಒಕ್ಕೂಟದಲ್ಲಿ, 1996ರ ನಿರ್ದೇಶನದಿಂದ ಮೊದಲುಗೊಂಡು, ವರ್ಷಕ್ಕೆ 1 ಮಿಲಿಸೀವರ್ಟ್ ಮೀರಬಹುದಾದ ವಿಮಾನ ಸಿಬ್ಬಂದಿಗೆ ತಗಲುವ ಪ್ರಮಾಣವನ್ನು ಅಂದಾಜು ಮಾಡಲೇಬೇಕು. ಗರ್ಭಿಣಿಯೆಂದು ತಿಳಿಸಿದ ಮೇಲೆ ಭ್ರೂಣಕ್ಕೆ ಉಳಿದ ಅವಧಿಯಲ್ಲಿ 1 ಮಿಲಿಸೀವರ್ಟ್ ದಾಟದಂತೆ ನೋಡಿಕೊಳ್ಳಬೇಕೆಂಬ ನಿಯಮವೂ ಇದೆ; ಆ ಮಿತಿ ದಾಟಲು ಇಂಥ ಹದಿಮೂರು ಹಾರಾಟಗಳು ಸಾಕು. ವಾಟ್ಸ್ಯಾಪ್ ಸಂದೇಶಗಳು ಹೇಳಬೇಕಾದುದು ಇದನ್ನು, ಹೇಳುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ತಾಯಿಗೆ ಓದಿ ಹೇಳಿದೆ; ಉಂಡೆಯ ಮಾತು ಕೇಳಿದ ಮೇಲೆ ಉಳಿದುದನ್ನು ಅವರು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ತಂದೆಯವರದೊಂದು ಪ್ರಶ್ನೆ: ತಮ್ಮ ಹಳೆಯ ಕ್ಯಾಮೆರಾದ ಫಿಲ್ಮ್ ರೋಲುಗಳನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸಬಹುದೇ?

ಉತ್ತರ 1:
ಬೇಡ. ತಿಂಡಿಗೆ ಏನೂ ಆಗದು, ಆದರೆ ಫಿಲ್ಮ್ ಮಸುಕಾಗುತ್ತದೆ. ಚೆಕ್-ಇನ್ ಪೆಟ್ಟಿಗೆಗಳ ಯಂತ್ರಗಳು ಹೆಚ್ಚು ಪ್ರಬಲ. ರೋಲುಗಳನ್ನು ಪಾರದರ್ಶಕ ಚೀಲದಲ್ಲಿಟ್ಟು ಕೈಯಲ್ಲೇ ಒಯ್ದು, ಯಂತ್ರಕ್ಕೆ ಹಾಕದೆ ಕೈಯಿಂದ ಪರೀಕ್ಷಿಸುವಂತೆ ಭದ್ರತಾ ಸಿಬ್ಬಂದಿಯನ್ನು ಕೇಳಿಕೊಳ್ಳಲಿ.