2016ರ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿಸಲೋ, ಬಿಡಲೋ?

ಸಾಗರದ_ಡಿಟಿಪಿ:
ಸಾಗರದಲ್ಲಿ ನಂದೊಂದು ಜೆರಾಕ್ಸ್-ಡಿಟಿಪಿ ಅಂಗಡಿ. ಲ್ಯಾಪ್‌ಟಾಪ್ 2016ರಲ್ಲಿ ಕೊಂಡದ್ದು: ಐದನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಬೆಳಿಗ್ಗೆ ಸ್ವಿಚ್ ಒತ್ತಿ, ಕಸ ಗುಡಿಸಿ, ದೇವರ ಫೋಟೋಗೆ ಊದುಬತ್ತಿ ಹಚ್ಚಿ ಬಂದರೂ ಚಕ್ರ ತಿರುಗ್ತಾನೇ ಇರುತ್ತೆ. ಗಡಿಯಾರ ಇಟ್ಟು ನೋಡಿದೆ, ಆರೂವರೆ ನಿಮಿಷ! ಪೇಜ್‌ಮೇಕರ್‌ನಲ್ಲಿ ನುಡಿ ಹಾಕ್ಕೊಂಡು ಲಗ್ನಪತ್ರಿಕೆ ಮಾಡೋದು, ಪಹಣಿ ಪ್ರಿಂಟ್ ಕೊಡೋದು, ಇಷ್ಟೇ ಕೆಲಸ. ಫಾಂಟ್ ಬದಲಿಸೋಕೆ ಹೋದರೂ ನಿಂತುಬಿಡುತ್ತೆ. ಬಂದವರು "ಆಮೇಲೆ ಬರ್ತೀನಿ" ಅಂತ ಪಕ್ಕದ ಅಂಗಡಿಗೆ ಹೋಗ್ತಾರೆ.

ರಿಪೇರಿಯವರು "ಇದಕ್ಕೆ ದುಡ್ಡು ಹಾಕ್ಬೇಡಿ ಮೇಡಂ, ಹೊಸದು ತಗೊಳ್ಳಿ" ಅಂದರು. ಹೊಸದು ಮಾರೋರೂ ಅವರೇ ಅನ್ನಿ. ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಬದಲಿಗೆ ಹಾಕೋ, ಚಿಪ್‌ನಲ್ಲಿ ಫೈಲ್ ಇಡೋ ಡ್ರೈವ್) ಹಾಕಿಸಿದರೆ ನಿಜಕ್ಕೂ ವ್ಯತ್ಯಾಸ ಗೊತ್ತಾಗುತ್ತಾ, ಇಲ್ಲಾ ಮುದಿ ಎತ್ತಿಗೆ ಹೊಸ ಲಾಳ ಹೊಡೆಸಿದ ಹಾಗಾಗುತ್ತಾ?

ಧಾರವಾಡ_ಫೇಡೆ:
ಅಕ್ಕಾರ, ರೊಕ್ಕ ಬಿಚ್ಚೂಕಿಂತ ಮೊದಲ ಒಂದ್ ಕೆಲಸ ಮಾಡ್ರಿ. ನಿಂತಾಗ ಟಾಸ್ಕ್ ಮ್ಯಾನೇಜರ್ ತಗದ ನೋಡ್ರಿ. ಡಿಸ್ಕ್ 100% ಆಗಿ, ಸಿಪಿಯು ಆರಾಮ ಕುಂತಿದ್ರ ತಪ್ಪು ಡಿಸ್ಕಿಂದು. ಮೆಮೊರಿ 90 ದಾಟಿದ್ರ ರ‍್ಯಾಮೂ ಸಾಲಂಗಿಲ್ಲ. ಹಂಗ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಡಿಸ್ಕಿನ ಆರೋಗ್ಯನೂ ನೋಡ್ರಿ, ಪುಕ್ಕಟೆ ಐತಿ.

ಸಾಗರದ_ಡಿಟಿಪಿ:
ಡಿಸ್ಕ್ 100, ಸಿಪಿಯು 18, ಮೆಮೊರಿ 81. ಆ ಇನ್ಫೋ ಹಳದಿ ಬಣ್ಣದಲ್ಲಿ "ಕಾಷನ್" ಅಂತಿದೆ. ಏನದು?

ಹಳೇ_ಮದರ್‌ಬೋರ್ಡ್:
ಹಳದಿ ಅಂದ್ರೆ ಡಿಸ್ಕ್ ಕೆಡೋಕೆ ಶುರುವಾಗಿದೆ ಮೇಡಂ. ಇವತ್ತೇ ಪತ್ರಿಕೆಗಳ ಫೋಲ್ಡರ್ ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ, ಉಳಿದ ಮಾತು ಆಮೇಲೆ.

ನಿಮ್ಮದು ಬಹುಶಃ ನಿಮಿಷಕ್ಕೆ 5400 ಸುತ್ತು ತಿರುಗೋ ತಟ್ಟೆ. ಒಂದೊಂದು ಚೂರು ಹುಡುಕೋಕೂ ಅದರ ಕೈ ಹತ್ತು-ಹದಿನೈದು ಮಿಲಿಸೆಕೆಂಡ್ ಅಲೀಬೇಕು. ವಿಂಡೋಸ್ ಏಳುವಾಗ ಓದೋದು ಅಂಥ ಸಾವಿರಾರು ಚೂರು. ಎಸ್‌ಎಸ್‌ಡಿಯಲ್ಲಿ ತಿರುಗೋದೇ ಏನಿಲ್ಲ. ಹಾರ್ಡ್‌ಡಿಸ್ಕಿನ ಜಾಗದಲ್ಲೇ ಕೂರೋ 2.5 ಇಂಚಿನ ಸಾಟಾ 240 ಜಿಬಿ ಸಾಕು. ಎನ್‌ವಿಎಂಇ (ಇನ್ನೊಂದು ಬಗೆ ಎಸ್‌ಎಸ್‌ಡಿ) ಇನ್ನೂ ಫಾಸ್ಟ್ ಅಂತ ಯಾರಾದ್ರೂ ಹೇಳಿದರೆ, ಅದನ್ನ ಕೂರಿಸೋ ಜಾಗ ನಿಮ್ಮದರಲ್ಲಿ ಇದೆಯಾ ಅಂತ ಮೊದಲು ಕೇಳಿ. ಲ್ಯಾಪ್‌ಟಾಪ್ ಸತ್ತರೂ ಆ ಎಸ್‌ಎಸ್‌ಡಿನ ಯುಎಸ್‌ಬಿ ಕೇಸ್‌ಗೆ ಹಾಕಿ ಬಳಸಬಹುದು.

ಒಂದೇ ತಕರಾರು: ವಿಂಡೋಸ್ 10ರ ಮಾಮೂಲಿ ಬೆಂಬಲ (ಭದ್ರತಾ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೆ ಮುಗೀತು. ನಿಮ್ಮ ಐ3 ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಇಂಟೆಲ್‌ನಲ್ಲಿ ಬಹುಮಟ್ಟಿಗೆ ಎಂಟನೇ ತಲೆಮಾರಿಂದ ಮೇಲಿನದಕ್ಕೆ ಮಾತ್ರ ಅದು. ಪತ್ರಿಕೆ ಕೆಲಸಕ್ಕೆ ಅಡ್ಡಿಯಿಲ್ಲ, ಬ್ಯಾಂಕ್ ವ್ಯವಹಾರ ಮಾತ್ರ ಇದರಲ್ಲಿ ಬೇಡ.

ಸಾಗರದ_ಡಿಟಿಪಿ:
ಹಾಕಿಸಿದೆ, ಶಿವಮೊಗ್ಗದಲ್ಲಿ. ಕೆಟ್ಟ ಡಿಸ್ಕಿಂದ ಕ್ಲೋನ್ (ಇದ್ದ ಹಾಗೇ ಪೂರ್ತಿ ನಕಲು) ಬೇಡ ಅಂತ ವಿಂಡೋಸ್ ಹೊಸದಾಗೇ ಹಾಕಿದರು. ಈಗ 31 ಸೆಕೆಂಡಿಗೆ ಏಳುತ್ತೆ. ಆದರೆ ಮೊದಲ ದಿನ ಹಳೇ ಪತ್ರಿಕೆ ತೆರೆದರೆ "ಶ್ರೀ" ಇರೋ ಕಡೆ ಇಂಗ್ಲಿಷಿನ ಚಿಲ್ಲರೆ ಅಕ್ಷರ! ಎದೆ ಧಸಕ್ ಅಂತು. ನುಡಿ ಫಾಂಟ್ ಹಾಕೋದೇ ಮರೆತಿದ್ದೆ. ಪೇಜ್‌ಮೇಕರ್ ಜೊತೆ ಕ್ರೋಮ್ ತೆರೆದರೆ ಇನ್ನೂ ಮುಗ್ಗರಿಸುತ್ತೆ. ರ‍್ಯಾಮ್ ವಿಷಯ ಲಗ್ನದ ಸೀಸನ್ ಮುಗಿದ ಮೇಲೆ ನೋಡ್ತೀನಿ.

ಧಾರವಾಡ_ಫೇಡೆ:
ರ‍್ಯಾಮ್ ತಗೊಳ್ಳುವಾಗ ಡಿಡಿಆರ್3ಎಲ್ ಅನ್ನೂ ಬಗಿ ಹೌದೋ ಅಲ್ಲೋ ಹಳೇ ರ‍್ಯಾಮ್ ಪಟ್ಟಿ ಮ್ಯಾಲಿನ ಚೀಟಿ ನೋಡ್ರಿ ಅಕ್ಕಾರ.