ಹಲ್ಲಿ ಜನಾಂಗದ ಹೆಣ್ಣನ್ನು ಹೇಗೆ ಬಿಡಿಸುವುದು?

ಪ್ರಶ್ನೆ:
ನನ್ನದೇ ಪುಟ್ಟ ಗೇಮ್‌ಗೆ ಹಲ್ಲಿಯಂಥ ಒಂದು ಜನಾಂಗ ಬಿಡಿಸುತ್ತಿದ್ದೇನೆ. ಗಂಡು ಚೆನ್ನಾಗಿ ಬಂತು. ದಪ್ಪ ಕತ್ತು, ನೆಲ ಗುಡಿಸುವ ಬಾಲ. ಹೆಣ್ಣು ಬಿಡಿಸಲು ಕೂತರೆ ಕೈ ತಾನಾಗೇ ಸಣ್ಣ ಸೊಂಟ, ಉಬ್ಬಿದ ಎದೆ ಎಳೆಯುತ್ತದೆ. ತಂಗಿ ನೋಡಿ, 'ಇದು ಹಲ್ಲಿನಾ, ಹಲ್ಲಿ ವೇಷ ಹಾಕಿದ ಹುಡುಗಿನಾ?' ಅಂದಳು. ಸ್ಕೈರಿಮ್ ಗೇಮ್‌ನಲ್ಲಿ ಆರ್ಗೋನಿಯನ್ ಅನ್ನೋ ಹಲ್ಲಿ ಜನಾಂಗದ ಹೆಂಗಸರಿಗೂ ಎದೆ ಇದೆ, ಅಲ್ವಾ? ಬೇರೆ ದಾರಿ ಇದೆಯಾ?

ಉತ್ತರ 1:
ಗಿಲ್ಡ್ ವಾರ್ಸ್ 2 (2012) ಗೇಮ್‌ನಲ್ಲಿ ಚಾರ್ ಅನ್ನೋ ಬೆಕ್ಕಿನಂಥ ಜನಾಂಗದ ಹೆಣ್ಣುಗಳನ್ನು ನೋಡಿ. ಮನುಷ್ಯರ ಥರ ಎದೆ ಇಲ್ಲ. ಮೈ ತೆಳು, ಬಾಲದ ತುಂಬ ಪೊದೆ ಕೂದಲು. ಆದರೂ ಹೆಣ್ಣು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನಿಮ್ಮ ಚಿತ್ರಕ್ಕೆ ಪೂರ್ತಿ ಕಪ್ಪು ಬಣ್ಣ ತುಂಬಿ, ಬರೀ ಆಕಾರದಲ್ಲಿ ಗುರುತು ಸಿಗುತ್ತಾ ನೋಡಿ.

ಉತ್ತರ 2:
ಎದೆಗಿಂತ ಮೊದಲು ಕಾಲು ಯೋಚಿಸಿ! ಸ್ಕೈರಿಮ್ ಸರಣಿಯದೇ ಹಳೇ ಗೇಮ್ ಮಾರೋವಿಂಡ್‌ನಲ್ಲಿ (2002) ಆರ್ಗೋನಿಯನ್, ಬೆಕ್ಕಿನಂಥ ಖಜೀಟ್ ಇಬ್ಬರಿಗೂ ಪ್ರಾಣಿಯ ಕಾಲು. ಬೂಟು ಹಾಕಲು ಆಗುತ್ತಿರಲಿಲ್ಲ, ಮುಖ ಮುಚ್ಚುವ ಶಿರಸ್ತ್ರಾಣವೂ ಇಲ್ಲ. ಆಡುವಾಗ ಬೈದುಕೊಂಡಿದ್ದೆ. ಅದರ ಮುಂದಿನ ಗೇಮ್, 2006ರ ಆಬ್ಲಿವಿಯನ್‌ನಲ್ಲಿ ಮನುಷ್ಯರ ಕಾಲು ಕೊಟ್ಟರು, ಬೂಟು ಬಂತು. ನನಗೆ ಮಾತ್ರ ಆ ಹಳೇ ನಡಿಗೆಯೇ ಇಷ್ಟ. ಎಲ್ಲರಿಗೂ ಒಂದೇ ಅಸ್ಥಿಪಂಜರ ಇದ್ದರೆ ಅನಿಮೇಶನ್ ಕೆಲಸ ಕಮ್ಮಿ, ಅದು ನಿಜ.

ಪ್ರಶ್ನೆ ಕೇಳಿದವರು:
ಕಪ್ಪು ತುಂಬಿದೆ. ಸೊಂಟ ಬಿಟ್ಟರೆ ಏನೂ ಕಾಣಲಿಲ್ಲ, ನಾಚಿಕೆಯಾಯಿತು. ಆಮೇಲೆ ಓತಿಕ್ಯಾತ ನೆನಪಾಯಿತು. ಸಂಗಾತಿ ಹುಡುಕುವ ಕಾಲದಲ್ಲಿ ಗಂಡಿನ ಕತ್ತು ಕೆಂಪಾಗುತ್ತಲ್ಲ! ಗಂಡಿಗೆ ಕೆಂಪು ಕತ್ತು, ಎತ್ತರದ ಬೆನ್ನುಮುಳ್ಳು ಕೊಟ್ಟೆ. ಹೆಣ್ಣಿಗೆ ಮಣ್ಣಿನ ಬಣ್ಣ, ಅಗಲ ಹೊಟ್ಟೆ. ತಂಗಿ ಈಗ ಹಲ್ಲಿ ಅಂತ ಒಪ್ಪಿದಳು. ಬೂಟಿನ ಕಥೆ ಇನ್ನೂ ಬಾಕಿ.