ಪದಚರ್ಚೆ: 'ಏರ್‌ಗ್ಯಾಪ್' ಮತ್ತು ಎರಡು 'ಇನ್‌ಸ್ಟಾಲ್'

ಎಲ್ಲರಿಗೂ ನಮಸ್ಕಾರ.

ಇಂಟರ್‌ನೆಟ್ ಎಂದೂ ಸೋಕದಂತೆ ಇಟ್ಟ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಕಂಪ್ಯೂಟರಿಗೆ ತಂತ್ರಾಂಶ ಹಾಕುವ ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಲಹೆ ಬೇಕು.

ಮೊದಲು 'ಏರ್‌ಗ್ಯಾಪ್', ಅಂದರೆ ಕಂಪ್ಯೂಟರನ್ನು ಹೀಗೆ ನೆಟ್‌ನಿಂದ ಪೂರ್ತಿ ದೂರ ಇಡುವುದು. 'ಆಫ್‌ಲೈನ್' ಸಾಲದು, ಕರೆಂಟ್ ಹೋಗಿ ವೈಫೈ ನಿಂತಾಗಲೂ ನಾವು ಆಫ್‌ಲೈನೇ. 'ಗಾಳಿಯಂತರ' ಎಂದು ಒಬ್ಬರು ಸೂಚಿಸಿದರು. ಕೊಳಾಯಿ ಕೆಲಸದಲ್ಲೂ ಏರ್‌ಗ್ಯಾಪ್ ಇದೆ: ಕೊಳಕು ನೀರು ಹಿಂದಕ್ಕೆ ಸೆಳೆದುಕೊಳ್ಳದಿರಲೆಂದು ನಲ್ಲಿಯ ಬಾಯಿಗೂ ತೊಟ್ಟಿಯ ಅಂಚಿಗೂ ನಡುವೆ ಬಿಡುವ ತೆರಪು. ಅಲ್ಲಿ ಗಾಳಿ ಅಂದರೆ ನಡುವೆ ಏನೂ ಇಲ್ಲ ಎಂದಷ್ಟೇ. ಆದರೆ ಈಗ ನೆಟ್ ಬರುವುದೇ ಗಾಳಿಯಲ್ಲಿ, ಹೊಸಬರಿಗೆ ತದ್ವಿರುದ್ಧ ಅರ್ಥ ಹೊಳೆದೀತು! 'ಜಾಲಮುಕ್ತ' ಎಂದರೆ 'ಮುಕ್ತ ತಂತ್ರಾಂಶ'ದ ಮುಕ್ತ ಅಡ್ಡ ಬರುತ್ತದೆ.

ಗೆಳೆಯರೊಬ್ಬರು ತಮಾಷೆಗೆ 'ಮಡಿ ಕಂಪ್ಯೂಟರ್' ಅನ್ನುತ್ತಾರೆ. ಅರ್ಥವೇನೋ ಕರಾರುವಾಕ್ಕು: ಕಂಡ ಪೆನ್‌ಡ್ರೈವ್ ಮುಟ್ಟಿಸಿದರೆ ಮೈಲಿಗೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಹರಡುತ್ತಿದ್ದ ದಾರಿಗಳಲ್ಲಿ ಯುಎಸ್‌ಬಿ ಡ್ರೈವೂ ಒಂದು. ಆದರೂ ಜಾತಿಯ ವಾಸನೆಯ ಆ ಪದ ಕೈಪಿಡಿಗೆ ಬೇಡ. ಸದ್ಯಕ್ಕೆ 'ನೆಟ್ ಹಚ್ಚದ ಕಂಪ್ಯೂಟರ್' ಎಂದಿಟ್ಟಿದ್ದೇನೆ. ಧಾರವಾಡದ ಕಡೆಯವರಿಗೆ ಸಲೀಸು, ಮೈಸೂರಿನವರು ದೀಪ ಹುಡುಕಿಯಾರು.

ಇನ್ನೊಂದು ತೊಡಕು, ಇಂಥ ಕಂಪ್ಯೂಟರಿಗೆ ಬೇಕಾದ ತಂತ್ರಾಂಶವನ್ನು ಬೇರೆ ಕಡೆ ಇಳಿಸಿ ತರಲು ನೆರವಾಗುವ ಆಪ್ಟ್-ಆಫ್‌ಲೈನ್ ಎಂಬ ಸಲಕರಣೆಯದು. ಅದರ 'ಸೆಟ್' ಆಜ್ಞೆ ನೆಟ್ ಇಲ್ಲದ ಕಡೆ ಕೂತು, ಬೇಕಾದ ಪ್ಯಾಕೇಜು (ತಂತ್ರಾಂಶದ ಕಟ್ಟು) ಮತ್ತು ಅದರ ಅವಲಂಬನೆಗಳ (ಅದು ನಡೆಯಲು ಬೇಕಾದ ಇತರ ಪ್ಯಾಕೇಜುಗಳ) ಪಟ್ಟಿಯನ್ನು ಒಂದು ಕಡತಕ್ಕೆ ಬರೆಯುತ್ತದೆ. 'ಗೆಟ್' ಅದನ್ನು ನೋಡಿ, ನೆಟ್ ಇರುವ ಕಡೆ ಎಲ್ಲ ಇಳಿಸಿ ಜಿಪ್ ಮಾಡುತ್ತದೆ. ಮೂರನೆಯದು 'ಇನ್‌ಸ್ಟಾಲ್'. ಹೆಸರಷ್ಟೇ ಹಾಗೆ! ಜಿಪ್ಪಿನಲ್ಲಿರುವ ಡೆಬ್ ಕಡತಗಳನ್ನು (ಡೆಬಿಯನ್ ಪ್ಯಾಕೇಜುಗಳನ್ನು) ಆಪ್ಟ್ ಎಂಬ ಪ್ಯಾಕೇಜು ನಿರ್ವಾಹಕದ ಕ್ಯಾಶೆಗೆ (ಇಳಿಸಿದ್ದನ್ನು ಕೂಡಿಡುವ ಜಾಗಕ್ಕೆ) ಸುರಿದು ಸುಮ್ಮನಾಗುತ್ತದೆ, ಆಮೇಲೆ 'ಆಪ್ಟ್-ಗೆಟ್ ಇನ್‌ಸ್ಟಾಲ್' ಬೇರೆ ಕೊಡಬೇಕು. ಎರಡಕ್ಕೂ 'ಅನುಸ್ಥಾಪನೆ' ಎಂದರೆ ಓದುವವರು ಮೊದಲನೆಯದಕ್ಕೇ ಕೆಲಸ ಮುಗಿಯಿತೆಂದು ಎದ್ದುಹೋಗುತ್ತಾರೆ. ಹಾಗಾಗಿ ಮೊದಲನೆಯದು 'ತುಂಬಿಸು', ಎರಡನೆಯದು 'ಹಾಕು' ಎಂದು ಬರೆದಿದ್ದೇನೆ. ಅಂಗಡಿಯವರೂ ಆಂಟಿವೈರಸ್ 'ಹಾಕಿ ಕೊಡ್ತೀವಿ' ಎಂದೇ ತಾನೆ ಅನ್ನುವುದು?

'ಸೆಟ್' ಬರೆಯುವ ಕಡತಕ್ಕೆ ಸಾಮಾನ್ಯವಾಗಿ 'ಸಿಗ್' (ಸಿಗ್ನೇಚರ್) ಎಂಬ ಬಾಲವಿರುತ್ತದೆ. ಅದು ಸಹಿಯಲ್ಲ, ಸಹಿ ಎಂದರೆ ಪ್ಯಾಕೇಜು ಭಂಡಾರ ಅಸಲಿ ಎಂದು ತೋರಿಸುವ ಜಿಪಿಜಿ ಎಂಬ ಡಿಜಿಟಲ್ ಸಹಿ, ಅದನ್ನು ನೆಟ್ ಇಲ್ಲದ ಕಡೆಯೂ ಪರೀಕ್ಷಿಸಲೇಬೇಕು. ಈ ಕಡತವೋ ದಿನಸಿ ಅಂಗಡಿಗೆ ಕಳಿಸುವ ಸಾಮಾನಿನ ಚೀಟಿಯಂಥದ್ದು, 'ಚೀಟಿ' ಎಂದೇ ಕರೆದಿದ್ದೇನೆ.

ಇಂಥ ಕಂಪ್ಯೂಟರ್ ನೋಡಿಕೊಳ್ಳುವವರು ಈ ಮೇಲಿಂಗ್ ಪಟ್ಟಿಯಲ್ಲಿದ್ದರೆ, ನಿಮ್ಮ ನಿಮ್ಮಲ್ಲಿ ಮಾತಾಡುವಾಗ ಅದನ್ನು ಏನನ್ನುತ್ತೀರಿ? ಕೋಶದ ಪದಗಳು ನನ್ನ ಹತ್ತಿರವೂ ಇವೆ.